ದುಡಿಯುವವರ ಪ್ರತಿಮೆ: ಕೆತ್ತಿದ್ದು ತೋಳನ್ನೋ, ಸುಸ್ತನ್ನೋ?

ಮಣ್ಣಿನಬೊಂಬೆ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯ ಇದು. ಕಾರ್ಮಿಕನ ಪ್ರತಿಮೆ ಅಂದ ತಕ್ಷಣ ಕಣ್ಣಿಗೆ ಬರುವ ರೂಪ ಒಂದೇ. ಉಬ್ಬಿದ ತೋಳು, ಮೇಲೆತ್ತಿದ ಸುತ್ತಿಗೆ, ಎಲ್ಲೋ ದೂರ ನೆಟ್ಟ ಕಣ್ಣು. ಆ ಮನುಷ್ಯನಿಗೆ ಬೆನ್ನು ನೋಯುವುದಿಲ್ಲ. ಸಂಬಳ ಬಾಕಿ ಇಲ್ಲ. ಮನೆಯಲ್ಲಿ ಯಾರೂ ಕಾಯಿಲೆ ಬಿದ್ದಿಲ್ಲ.

ಇಂಥವುಗಳಲ್ಲಿ ತುಂಬ ಹೆಸರಾದದ್ದು ವೆರಾ ಮುಖಿನಾ ಮಾಡಿದ ಕಾರ್ಮಿಕ ಮತ್ತು ರೈತ ಮಹಿಳೆಯ ಜೋಡಿ. 1937ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಸೋವಿಯತ್ ಮಂಟಪದ ನೆತ್ತಿಯ ಮೇಲೆ ನಿಂತಿತ್ತು. 24 ಮೀಟರ್‌ಗೂ ಎತ್ತರ, ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲ್. ಅವನ ಕೈಯಲ್ಲಿ ಸುತ್ತಿಗೆ, ಅವಳ ಕೈಯಲ್ಲಿ ಕುಡುಗೋಲು, ಇಬ್ಬರದೂ ಒಂದೇ ದಾಪುಗಾಲು. ಅದ್ಭುತ ಕೆಲಸ, ಎರಡು ಮಾತಿಲ್ಲ. ಆದರೆ ಅದೇ ವರ್ಷ ಅದೇ ದೇಶದ ಗುಲಾಗ್ ಶಿಬಿರಗಳಲ್ಲಿ ಲಕ್ಷಾಂತರ ಕೈದಿಗಳು ಬಲವಂತಕ್ಕೆ ಮರ ಕಡಿಯುತ್ತಿದ್ದರು, ಗಣಿ ಅಗೆಯುತ್ತಿದ್ದರು. ಆ ಹೊಳೆಯುವ ಉಕ್ಕಿನಲ್ಲಿ ಅವರ ಸುಳಿವೇ ಇಲ್ಲ.

ಇದರ ಪಕ್ಕದಲ್ಲಿ ಬೆಲ್ಜಿಯಂನ ಕಾನ್‌ಸ್ಟಾಂಟಿನ್ ಮ್ಯೂನಿಯೆಯ ‘ಪಡ್ಲರ್’ ಇಟ್ಟು ನೋಡಿ. ಪಡ್ಲರ್ ಅಂದರೆ ಕುಲುಮೆಯೊಳಗೆ ಕರಗಿದ ಕಬ್ಬಿಣವನ್ನು ಉದ್ದನೆಯ ಸಲಾಕೆಯಿಂದ ಕಲಕುವವನು. ಕಲಕಿದಷ್ಟೂ ಅದು ಗಟ್ಟಿಯಾಗುತ್ತಾ ಹೋಗುತ್ತದೆ, ಕೊನೆಗೆ ಕೆಂಡದಂಥ ಉಂಡೆಯನ್ನು ಹೊರಗೆ ಎಳೆಯಬೇಕು. ಮ್ಯೂನಿಯೆ ಅವನನ್ನು ಆ ಕೆಲಸದಲ್ಲಿ ತೋರಿಸಲೇ ಇಲ್ಲ. ಕೂರಿಸಿದ. ಕುಸಿದ ಮೈ, ಅರೆತೆರೆದ ಬಾಯಿ. ದಣಿದು ಕೂತವನನ್ನು ಕಂಚಿನಲ್ಲಿ ಎರಕ ಹೊಯ್ಯಬಹುದು ಅಂತ 1880ರ ದಶಕದಲ್ಲೇ ಒಬ್ಬನಿಗೆ ಹೊಳೆದಿತ್ತು.

ನನ್ನ ಪ್ರಶ್ನೆ ಇಷ್ಟೇ. ದುಡಿಮೆಯನ್ನು ಹೊಗಳುವ ಶಿಲ್ಪ ಬೇರೆ, ದುಡಿಯುವವರಿಗೆ ಆಗುತ್ತಿರುವ ಅನ್ಯಾಯವನ್ನು ತೋರಿಸುವ ಶಿಲ್ಪ ಬೇರೆ. ನಿಮ್ಮನ್ನು ಹಿಡಿದು ನಿಲ್ಲಿಸಿದ ಎರಡನೇ ಥರದ ಶಿಲ್ಪ ಯಾವುದು? ಅದು ಹೇಗೆ ಹಾಗೆ ನಿಲ್ಲಿಸಿತು?

ಚಾಣಸುತ್ತಿಗೆ

ನಾನು ಕಲ್ಲು ಕೆತ್ತುವವನು. 19 ವರ್ಷವಾಯಿತು. ಯಾವ ಪ್ರತಿಮೆ ಕಂಡರೂ ನಾನು ಮೊದಲು ನೋಡುವುದು ಕೈಯನ್ನು.

ಚಾಣ ಹಿಡಿಯುವ ಎಡಗೈಯನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಬಲಗೈಗಿಂತ ಪೆಟ್ಟು ಜಾಸ್ತಿ ತಿಂದಿರುವುದು ಅದೇ. ಹೆಬ್ಬೆರಳಿನ ಗೆಣ್ಣು ದಪ್ಪಗಾಗಿರುತ್ತದೆ. ಸುತ್ತಿಗೆ ಜಾರಿದ ಕಡೆಯೆಲ್ಲ ಹಳೆಯ ಗಾಯದ ಗುರುತು. ಗ್ರೈಂಡರ್ ಬಂದ ಮೇಲೆ ಇನ್ನೊಂದು ಸೇರಿದೆ. ದಿನವಿಡೀ ಅದರ ನಡುಕ ಕೈಗೆ ಏರಿ ಬೆರಳಿನ ತುದಿ ಜೋಮು ಹಿಡಿಯುತ್ತದೆ. ಚಳಿಗಾಲದ ಬೆಳಗ್ಗೆ ನನ್ನ ಎರಡು ಬೆರಳು ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತವೆ. ಅಂಗಿಯ ಗುಂಡಿ ಹಾಕಲು ಮಗಳನ್ನು ಕರೆಯುತ್ತೇನೆ.

ಕಾರ್ಮಿಕರ ಪ್ರತಿಮೆಗಳಲ್ಲಿ ಇಂಥ ಕೈ ಕಾಣುವುದೇ ಇಲ್ಲ. ಎಲ್ಲರದೂ ದೇವರ ಕೈ, ನುಣುಪು.

ಆದರೂ ‘ಹೊಗಳುವ ಶಿಲ್ಪ’ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಚೆನ್ನೈ ಮರೀನಾದಲ್ಲಿ ದೇಬಿ ಪ್ರಸಾದ್ ರಾಯ್ ಚೌಧುರಿ ಮಾಡಿದ ‘ಟ್ರಯಂಫ್ ಆಫ್ ಲೇಬರ್’ ಇದೆಯಲ್ಲ, ನಾಲ್ಕು ಜನ ಬಂಡೆ ಸರಿಸುವುದು. 1959ರಲ್ಲಿ ನಿಲ್ಲಿಸಿದ್ದು. ಅದರಲ್ಲಿಯೂ ತೋಳು ಉಬ್ಬಿದೆ. ಆದರೆ ಆ ಬಂಡೆಗೆ ತೂಕ ಇದೆ. ನಾಲ್ಕು ಮೈಗಳೂ ಒಂದೇ ಭಾರಕ್ಕೆ ಸಿಕ್ಕಿವೆ. ಒಬ್ಬ ಕೈಬಿಟ್ಟರೆ ಉಳಿದ ಮೂವರ ಗತಿ ಏನು ಅಂತ ಕಲ್ಲು ಹೊತ್ತವನಿಗೆ ಕಂಡ ಕೂಡಲೇ ಗೊತ್ತಾಗುತ್ತದೆ. ಸುಮ್ನೆ ಸುತ್ತಿಗೆ ಎತ್ತಿ ನಿಂತವನ ಪ್ರತಿಮೆಯಲ್ಲಿ ಆ ಭಾರ ಇರುವುದಿಲ್ಲ.

ಕೆಂಪುಮುರಕಲ್ಲು

ಚಾಣಸುತ್ತಿಗೆ ಅವರೇ, ನಿಮ್ಮ ಬರಹ ಎರಡು ಸಲ ಓದಿದೆ. ಗುಂಡಿಯ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಮಕಿಂಕರ್ ಬೈಜ್. ಶಾಂತಿನಿಕೇತನದಲ್ಲಿ 1938ರಲ್ಲಿ ಮಾಡಿದ ‘ಸಂತಾಲ ಕುಟುಂಬ’. ಗಂಡ, ಹೆಂಡತಿ, ಮಕ್ಕಳು, ಜೊತೆಗೆ ನಾಯಿ. ಇರುವಷ್ಟು ಸಾಮಾನು ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಟಿದ್ದಾರೆ. ಗಂಡಸಿನ ಹೆಗಲ ಮೇಲೆ ಅಡ್ಡೆ, ಅದರ ಬುಟ್ಟಿಯಲ್ಲಿ ಒಂದು ಮಗು.

ಯಾವುದರಲ್ಲಿ ಮಾಡಿದ ಅಂತ ನೋಡಿ. ಕಂಚಲ್ಲ, ಅಮೃತಶಿಲೆಯಲ್ಲ. ಸಿಮೆಂಟು ಮತ್ತು ಅಲ್ಲಿನ ನೆಲದಲ್ಲೇ ಸಿಗುವ ಕೆಂಪು ಮುರಕಲ್ಲಿನ ಹರಳು. ಕಬ್ಬಿಣದ ಚೌಕಟ್ಟು ಕಟ್ಟಿ ಕಲಸಿದ ಕಾಂಕ್ರೀಟನ್ನು ಎರಚಿ, ಹಸಿ ಇರುವಾಗಲೇ ಕೆತ್ತಿ ರೂಪ ಕೊಟ್ಟ. ಹಾಗಾಗಿ ಮೈಯೆಲ್ಲ ಒರಟು. ಅವರು ತುಳಿಯುವ ಮಣ್ಣೇ ಎದ್ದು ನಡೆಯುತ್ತಿದೆ ಅನ್ನಿಸುತ್ತದೆ. ಪೀಠವೂ ತಗ್ಗು. ನಾವು ತಲೆಯೆತ್ತಿ ನೋಡಬೇಕಾದ ವೀರರಲ್ಲ ಅವರು, ದಾರಿಯಲ್ಲಿ ಎದುರಾಗುವವರು. ಅಲ್ಲಿಯವರೆಗೆ ನಮ್ಮ ದೇಶದಲ್ಲಿ ಆಳೆತ್ತರಕ್ಕೂ ಮೀರಿದ ಪ್ರತಿಮೆ ಅಂದರೆ ರಾಜ, ಗವರ್ನರು, ದೊಡ್ಡ ಮನುಷ್ಯರು. ಆ ಎತ್ತರವನ್ನು ನೆಲವಿಲ್ಲದ ಒಂದು ಆದಿವಾಸಿ ಸಂಸಾರಕ್ಕೆ ಕೊಟ್ಟದ್ದೇ ದೊಡ್ಡ ಮಾತು.

1956ರ ‘ಮಿಲ್ ಕಾಲ್’ ಇನ್ನೂ ತೀಕ್ಷ್ಣ. ಅಕ್ಕಿ ಗಿರಣಿಯ ಸೈರನ್ ಕೂಗಿದೆ, ಹೆಂಗಸರು ಓಡುತ್ತಿದ್ದಾರೆ. ಒಗೆದ ಬಟ್ಟೆ ಒಣಗಿಸಲೂ ಹೊತ್ತಿಲ್ಲ, ಓಡುತ್ತಲೇ ಗಾಳಿಗೆ ಹಿಡಿದಿದ್ದಾರೆ. ಮೊದಲ ನೋಟಕ್ಕೆ ಅದು ಉಲ್ಲಾಸದ ಶಿಲ್ಪ. ಎರಡನೇ ಸಲ ನೋಡಿದಾಗ ಆ ಸೈರನ್ ಕೇಳಿಸುತ್ತದೆ. ತಡವಾದರೆ ಏನಾಗುತ್ತದೆ ಅನ್ನುವ ಭಯ ಆ ಓಟದಲ್ಲೇ ಇದೆ.

ಬೆಳಗಿನಪಾಳಿ

ನಾನು ದೊಡ್ಡ ಕಟ್ಟಡವೊಂದರಲ್ಲಿ ಹೌಸ್‌ಕೀಪಿಂಗ್ ಮೇಲ್ವಿಚಾರಕಿ. ಕಲೆಯ ಬಗ್ಗೆ ಓದಿಕೊಂಡವಳಲ್ಲ. ಆದರೆ ಡ್ವೇನ್ ಹ್ಯಾನ್ಸನ್ ಅನ್ನುವ ಅಮೆರಿಕದ ಶಿಲ್ಪಿಯ ‘ಜಾನಿಟರ್’ ಚಿತ್ರ ಕಂಡ ದಿನದಿಂದ ಅವನ ಕೆಲಸವನ್ನೆಲ್ಲ ಹುಡುಕಿ ಹುಡುಕಿ ನೋಡುತ್ತಿದ್ದೇನೆ. 1973ರದ್ದು. ಒಬ್ಬ ಸಫಾಯಿಯವನು ಗೋಡೆಗೆ ಒರಗಿ ನಿಂತಿದ್ದಾನೆ, ಅಷ್ಟೇ. ನಿಜವಾದ ಮನುಷ್ಯರ ಮೈಮೇಲೆ ಅಚ್ಚು ತೆಗೆದು, ರಾಳ ಮತ್ತು ಫೈಬರ್‌ನಲ್ಲಿ ಎರಕ ಮಾಡಿ, ಚರ್ಮದ ಬಣ್ಣ ಬಳಿದು, ನಿಜವಾದ ಬಟ್ಟೆ ತೊಡಿಸುತ್ತಿದ್ದ. ವಸ್ತುಸಂಗ್ರಹಾಲಯದಲ್ಲಿ ಜನ ಅವನನ್ನು ಕೆಲಸದವನು ಅಂದುಕೊಂಡು ದಾಟಿ ಹೋಗುತ್ತಾರಂತೆ.

ನನಗೆ ಅದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ನಮ್ಮವರು ನೆಲ ಒರೆಸುತ್ತಾ ಮೇಜಿನ ಹತ್ತಿರ ಬಂದಾಗ ಕೂತವರು ಕಾಲು ಎತ್ತುತ್ತಾರೆ. ಫೋನಿನಿಂದ ಕಣ್ಣು ಎತ್ತುವುದಿಲ್ಲ. ಮಾಪ್ ಹೋದ ಮೇಲೆ ಕಾಲು ಕೆಳಗೆ ಬರುತ್ತದೆ. ಅಲ್ಲೊಬ್ಬ ಮನುಷ್ಯರಿದ್ದರು ಅಂತ ಅವರ ಕಾಲಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಹ್ಯಾನ್ಸನ್ ಹಿಡಿದದ್ದು ಅದನ್ನೇ ಅಂತ ನನ್ನ ಭಾವನೆ. ಆ ಶಿಲ್ಪ ಪೂರ್ತಿಯಾಗುವುದು ನೋಡದೆ ದಾಟಿ ಹೋಗುವವರಿಂದ.

ಇನ್ನೊಬ್ಬರು ಮಿಯರ್ಲ್ ಲೇಡರ್‌ಮನ್ ಉಕೆಲಿಸ್ ಅನ್ನುವ ಅಮೆರಿಕದ ಕಲಾವಿದೆ. ನ್ಯೂಯಾರ್ಕ್‌ನ 8,500 ನೈರ್ಮಲ್ಯ ಕಾರ್ಮಿಕರ ಕೈಯನ್ನು ಒಬ್ಬೊಬ್ಬರದಾಗಿ ಕುಲುಕಿ ಧನ್ಯವಾದ ಹೇಳಿದರು. 1979ರಲ್ಲಿ ಶುರು ಮಾಡಿದ್ದು, ಮುಗಿಯಲು ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು. ಅದು ಶಿಲ್ಪ ಅಲ್ಲ ಅನ್ನಬಹುದು. ಆದರೆ 1983ರಲ್ಲಿ ಅವರು ಒಂದು ಕಸದ ಲಾರಿಯ ಮೈಗೆಲ್ಲ ಕನ್ನಡಿ ಹಚ್ಚಿ ಬೀದಿಯಲ್ಲಿ ಓಡಿಸಿದರು. ಲಾರಿ ನೋಡಿದವರಿಗೆ ಕಂಡದ್ದು ತಮ್ಮದೇ ಮುಖ. ಕಸ ಯಾರದು ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು?

ಮಣ್ಣಿನಬೊಂಬೆ

ಬೆಳಗಿನಪಾಳಿ ಮೇಡಂ, ಕಾಲಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ ಅಂದಿರಲ್ಲ, ನಾನು ಕೇಳಿದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಕನ್ನಡಿ ಲಾರಿಯ ಬಗ್ಗೆ ನನಗೆ ಗೊತ್ತೇ ಇರಲಿಲ್ಲ.

ಎದುರುಮಾತು

ಒಂದು ಕಹಿ ಉದಾಹರಣೆ ಎತ್ತುತ್ತೇನೆ. ಸ್ಪೇನ್‌ನ ಸಾಂತಿಯಾಗೊ ಸಿಯೆರಾ. ಈತ ಕಾರ್ಮಿಕರ ಪ್ರತಿಮೆ ಮಾಡುವುದಿಲ್ಲ, ಬಡವರನ್ನೇ ಕೂಲಿಗೆ ಕರೆದು ತಂದು ಪ್ರದರ್ಶನಕ್ಕೆ ಇಡುತ್ತಾನೆ. ರಟ್ಟಿನ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಕೂರಲು ಹಣ ಕೊಟ್ಟ. 2000ದಲ್ಲಿ ಸಲಮಾಂಕಾದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ ನಾಲ್ವರು ಲೈಂಗಿಕ ಕಾರ್ಮಿಕ ಮಹಿಳೆಯರನ್ನು ಸಾಲಾಗಿ ಕೂರಿಸಿ, ನಾಲ್ಕೂ ಬೆನ್ನಿನ ಮೇಲೆ ಒಂದೇ ಗೆರೆಯ ಹಚ್ಚೆ ಹಾಕಿಸಿದ. 160 ಸೆಂಟಿಮೀಟರ್ ಉದ್ದ. ಕೊಟ್ಟದ್ದು ಒಂದು ಡೋಸಿನ ಬೆಲೆ.

ಬಡವನ ಮೈಯನ್ನು ದುಡ್ಡು ಕೊಟ್ಟು ಹೇಗೆ ಬೇಕಾದರೂ ಬಳಸಬಹುದು ಅನ್ನುವುದನ್ನು ಇಷ್ಟು ಬತ್ತಲಾಗಿ ಬೇರೆ ಯಾರೂ ತೋರಿಸಿಲ್ಲ ಅಂತ ಅವನ ಪರ ಇರುವವರು ಹೇಳುತ್ತಾರೆ. ನೋಡಿದವರಿಗೆ ನಿದ್ದೆ ಹಾಳಾಗುತ್ತದೆ, ಅದು ನಿಜ. ಮ್ಯೂನಿಯೆಯ ಕಂಚಿನ ಮನುಷ್ಯನನ್ನು ನೋಡಿ ‘ಪಾಪ, ಎಷ್ಟು ಚೆಂದ ಮಾಡಿದ್ದಾನೆ’ ಅಂತ ನಾವು ಹೊರಟುಬಿಡುತ್ತೇವೆ. ಸಿಯೆರಾ ಹಾಗೆ ಹೋಗಲು ಬಿಡುವುದಿಲ್ಲ. ಹಾಗಾದರೆ ಯಾವುದು ಹೆಚ್ಚು ಪ್ರಾಮಾಣಿಕ?

ಬೆಳಗಿನಪಾಳಿ

ನಿದ್ದೆ ಹಾಳಾಗುವುದು ನೋಡಿದವರಿಗೆ. ಬೆನ್ನಿನ ಮೇಲೆ ಗೆರೆ ಉಳಿದದ್ದು ಆ ನಾಲ್ವರಿಗೆ. ಅನ್ಯಾಯವನ್ನು ತೋರಿಸಲು ಅದೇ ಅನ್ಯಾಯವನ್ನು ಇನ್ನೊಮ್ಮೆ ಮಾಡಬೇಕಾ? ಆ ಹೆಂಗಸರು ಒಪ್ಪಿದ್ದರು ಅನ್ನಬೇಡಿ ಸರ್. ಕಷ್ಟದಲ್ಲಿರುವವರು ಯಾವುದಕ್ಕೆ ಒಪ್ಪುತ್ತಾರೆ ಅಂತ ನಾನು ದಿನಾ ಕೆಲಸಕ್ಕೆ ಸೇರಿಸಿಕೊಳ್ಳುವಾಗ ನೋಡುತ್ತೇನೆ.

ಕೆಂಪುಮುರಕಲ್ಲು

ಬೆಳಗಿನಪಾಳಿ ಅಕ್ಕ ಹೇಳಿದ್ದೇ ಸರಿ. ಎದುರುಮಾತು ಅವರ ಪ್ರಶ್ನೆಯಲ್ಲಿ ಸತ್ಯ ಇದೆ, ಚೆಂದದ ಶಿಲ್ಪ ನಮ್ಮನ್ನು ಸುಲಭವಾಗಿ ಬಿಟ್ಟುಬಿಡುತ್ತದೆ. ಆದರೆ ಯಾರ ಮೈಗೂ ಗೆರೆ ಎಳೆಯದೆ ನೋಡುವವರನ್ನು ಸಿಕ್ಕಿಸುವ ದಾರಿ ಇದೆ.

ಅಮೆರಿಕದ ಕಲಾವಿದೆ ಕಾರಾ ವಾಕರ್ 2014ರಲ್ಲಿ ಬ್ರೂಕ್ಲಿನ್‌ನ ಡಾಮಿನೊ ಸಕ್ಕರೆ ಕಾರ್ಖಾನೆಯಲ್ಲಿ ಮಾಡಿದ್ದನ್ನು ನೋಡಿ. ಕೆಡವಲು ಕಾದಿದ್ದ ಹಳೆಯ ಕಟ್ಟಡ. ಅದರೊಳಗೆ ಬಿಳಿ ಸಕ್ಕರೆ ಮೆತ್ತಿದ ದೈತ್ಯ ಸ್ಫಿಂಕ್ಸ್, ಅಂದರೆ ಸಿಂಹದ ಮೈ, ಮನುಷ್ಯರ ತಲೆಯ ರೂಪ, 75 ಅಡಿ ಉದ್ದ. ತಲೆಗೆ ಕಟ್ಟಿದ ವಸ್ತ್ರ, ಮುಖ ಕಪ್ಪು ಮಹಿಳೆಯದು. ಸುತ್ತ ಬುಟ್ಟಿ ಹೊತ್ತ ಹುಡುಗರು, ಕಾಕಂಬಿಯ ಬಣ್ಣ. ಕೆಲವರನ್ನು ಸಕ್ಕರೆಯ ಪಾಕದಲ್ಲೇ ಎರಕ ಹೊಯ್ದಿದ್ದರು. ಬೇಸಿಗೆಯ ಸೆಕೆಗೆ ಆ ಹುಡುಗರು ಕರಗಿದರು, ಕೈ ಮುರಿದು ಬಿತ್ತು, ನೆಲದ ಮೇಲೆಲ್ಲ ಅಂಟು ಹರಿಯಿತು. ಮುರಿದವರ ತುಂಡುಗಳನ್ನು ನಿಂತವರ ಬುಟ್ಟಿಗೆ ಹಾಕಿದರು.

ಕಬ್ಬಿನ ಗದ್ದೆಗಳಲ್ಲಿ ಗುಲಾಮರಾಗಿ ಸತ್ತವರ ಬಗ್ಗೆ ಎಷ್ಟೋ ಓದಿದ್ದೇವೆ. ಆದರೆ ಸಿಹಿಯ ವಾಸನೆ ಮೂಗಿಗೆ ಬಡಿಯುತ್ತಾ, ಅಂಟು ಕಾಲಿಗೆ ಹತ್ತುತ್ತಾ, ಒಂದು ಮಗು ಕರಗುವುದನ್ನು ನಿಂತು ನೋಡುವುದು ಬೇರೆಯೇ. ಅಲ್ಲಿಗೆ ಬಂದವರಲ್ಲಿ ಕೆಲವರು ಆ ಸ್ಫಿಂಕ್ಸ್‌ನ ಬೆತ್ತಲೆ ಮೈ ಮುಂದೆ ಅಸಹ್ಯವಾಗಿ ಫೋಟೊ ತೆಗೆಸಿಕೊಂಡರು. ಓದಿದಾಗ ಸಿಟ್ಟು ಬಂತು. ಕಪ್ಪು ಹೆಣ್ಣಿನ ಮೈಯನ್ನು ಲೋಕ ಹೇಗೆ ನೋಡುತ್ತಾ ಬಂದಿದೆ ಅನ್ನುವುದು ಆ ಫೋಟೊಗಳಲ್ಲೇ ದಾಖಲಾಯಿತು.

ಎದುರುಮಾತು

ಒಪ್ಪಿದೆ. ಸಿಯೆರಾ ವಿಷಯದಲ್ಲಿ ನಾನು ನೋಡುವವರ ಕಡೆಯಿಂದಲೇ ಯೋಚಿಸಿದ್ದೆ. ಬೆನ್ನಿನ ಕಡೆಯಿಂದ ಯೋಚಿಸಿರಲಿಲ್ಲ.

ಹಾಗಾದರೆ ಇದನ್ನೂ ಕೇಳಬೇಕಲ್ವಾ? ದುಡಿಮೆಯ ಬಗ್ಗೆ ಮಾಡುವ ಶಿಲ್ಪಕ್ಕೆ ದುಡಿದವರು ಯಾರು? ಚೀನಾದ ಕಲಾವಿದ ಐ ವೈವೈಯ ‘ಸೂರ್ಯಕಾಂತಿ ಬೀಜಗಳು’ ನೆನಪಾಗುತ್ತಿದೆ. 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ 10 ಕೋಟಿ ಬೀಜ ಹರಡಿದ್ದರು. ಎಲ್ಲವೂ ಪಿಂಗಾಣಿ. ಚೀನಾದ ಜಿಂಗ್‌ಡೆಜೆನ್ ಅನ್ನುವ ಊರಿನಲ್ಲಿ ಸುಮಾರು 1,600 ಜನ ಒಂದೊಂದು ಬೀಜಕ್ಕೂ ಕೈಯಿಂದ ಪಟ್ಟೆ ಎಳೆದರು. ಒಂದೇ ಥರ ಕಾಣುವ ರಾಶಿಯಲ್ಲಿ ಒಂದರಂತೆ ಇನ್ನೊಂದಿಲ್ಲ. ಅಗ್ಗದ ಸಾಮಾನಿನ ಹಿಂದೆ ಎಷ್ಟು ಕೈಗಳಿರುತ್ತವೆ ಅಂತ ಹೇಳುವ ಕೆಲಸ ಅದು.

ಜನ ಅದರ ಮೇಲೆ ನಡೆದಾಡಲಿ ಅಂತ ಮೊದಲು ಬಿಟ್ಟಿದ್ದರು. ಕೆಲವೇ ದಿನದಲ್ಲಿ ಪಿಂಗಾಣಿ ಧೂಳು ಏಳುತ್ತಿದೆ, ಉಸಿರಿಗೆ ಒಳ್ಳೆಯದಲ್ಲ ಅಂತ ನಿಲ್ಲಿಸಿದರು. ಸರಿಯಾದ ನಿರ್ಧಾರವೇ. ಆದರೆ ಸುದ್ದಿ ಓದಿದಾಗ ನನ್ನ ಯೋಚನೆ ಹೋದದ್ದು ಪಿಂಗಾಣಿ ಕೆಲಸವನ್ನೇ ಜೀವನಪೂರ್ತಿ ಮಾಡುವವರ ಕಡೆಗೆ.

ಚಾಣಸುತ್ತಿಗೆ

ಧೂಳಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ.

ಗ್ರಾನೈಟ್‌ನಲ್ಲಿ, ಮರಳುಗಲ್ಲಿನಲ್ಲಿ ಬೆಣಚು ಜಾಸ್ತಿ. ಒಣ ಕಲ್ಲನ್ನು ಗ್ರೈಂಡರ್‌ನಿಂದ ಕೊಯ್ದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ. ಅದರ ಸುತ್ತ ಗಾಯದ ಗಂಟು ಬೆಳೆದು ಶ್ವಾಸಕೋಶ ಗಟ್ಟಿಯಾಗುತ್ತದೆ. ಸಿಲಿಕೋಸಿಸ್. ವಾಸಿ ಮಾಡುವ ಮದ್ದಿಲ್ಲ. ಕ್ಷಯ ತಗಲುವ ಅಪಾಯವೂ ಜಾಸ್ತಿ. ಅಮೃತಶಿಲೆಯಲ್ಲಿ ಬೆಣಚು ಬಹಳ ಕಡಿಮೆ, ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲಿನಲ್ಲಿ ತುಂಬಾ ಹೆಚ್ಚು. ಆಸ್ಟ್ರೇಲಿಯಾ 2024ರ ಜುಲೈಯಿಂದ ಕೃತಕ ಕಲ್ಲನ್ನೇ ನಿಷೇಧಿಸಿತು.

ನೀರು ಬಿಟ್ಟು ಕೊಯ್ದರೆ ಧೂಳು ಎಷ್ಟೋ ಕಮ್ಮಿ. ಮುಖಕ್ಕೆ ಸರಿಯಾಗಿ ಕೂರುವ ಒಳ್ಳೆಯ ಮಾಸ್ಕ್ ಬೇಕು, ಬಾಯಿಗೆ ಟವೆಲ್ ಸುತ್ತಿದರೆ ಏನೂ ಉಪಯೋಗವಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಟವೆಲ್ ಸುತ್ತಿಯೇ ಮೂವತ್ತು ವರ್ಷ ಕೆತ್ತಿದರು. ಕೊನೆಯ ವರ್ಷ ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ದಿಂಬು ಇಟ್ಟು ಕೂತೇ ನಿದ್ದೆ ಮಾಡುತ್ತಿದ್ದರು. ಅವರು ಕೆತ್ತಿದ ಮೂರ್ತಿಗಳ ಮುಂದೆ ಇವತ್ತಿಗೂ ಜನ ನಿಲ್ಲುತ್ತಾರೆ.

ಇನ್ನೊಂದು ಸಂಗತಿ. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಗೆ ಶ್ರಮಿಕನ ಪ್ರತಿಮೆ ಮಾಡಿಕೊಟ್ಟೆವು. ಆಳೆತ್ತರದ್ದು, ಗುದ್ದಲಿ ಹಿಡಿದವನು. ಆರು ತಿಂಗಳ ಕೆಲಸ. ಪೀಠಕ್ಕೆ ಕಪ್ಪು ಕಲ್ಲಿನ ಫಲಕ ಹಾಕಿಸಿದರು. ಉದ್ಘಾಟಿಸಿದವರು, ದಾನ ಕೊಟ್ಟವರು, ಸಮಿತಿಯವರು, ಒಟ್ಟು ಹದಿನೇಳು ಹೆಸರು. ಹದಿನೇಳನ್ನೂ ಕೆತ್ತಿದ್ದು ನಾನೇ. ನಮ್ಮ ಪೈಕಿ ಒಬ್ಬರ ಹೆಸರೂ ಇರಲಿಲ್ಲ. ಕಾರ್ಯಕ್ರಮದ ದಿನ ನಾವು ಹಿಂದೆ ನಿಂತಿದ್ದೆವು. ಉಳಿದ ಹಣ ಬರಲು ಎಂಟು ತಿಂಗಳಾಯಿತು. ಆ ಪ್ರತಿಮೆಯ ಕೈಗೆ ನಾನು ನನ್ನ ಎಡಗೈಯ ಹೆಬ್ಬೆರಳನ್ನೇ ಕೆತ್ತಿದ್ದೇನೆ, ದಪ್ಪ ಗೆಣ್ಣಿನ ಸಮೇತ. ಅದು ಯಾರಿಗೂ ಗೊತ್ತಿಲ್ಲ. ಇವತ್ತು ನಿಮಗೆ ಹೇಳುತ್ತಿದ್ದೇನೆ.

ಬೆಳಗಿನಪಾಳಿ

ಅಣ್ಣ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ಆ ಹೆಬ್ಬೆರಳು ಅಲ್ಲಿದೆಯಲ್ಲ, ಅದು ದೊಡ್ಡದು.

ಶಾಸನದಸಾಲು

ಇಷ್ಟು ಹೊತ್ತು ಓದುತ್ತಿದ್ದೆ. ಹೆಸರಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ಹೊಯ್ಸಳರ ದೇವಾಲಯಗಳಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಮೂರ್ತಿಯ ಪೀಠದಲ್ಲೇ ಕೆತ್ತಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 13ನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ ಮತ್ತೆ ಮತ್ತೆ ಸಿಗುತ್ತಾನೆ. ಕೆಲವರು ಹೆಸರಿನ ಜೊತೆ ಊರು, ತಂದೆ, ಬಿರುದು ಎಲ್ಲ ಬರೆದಿದ್ದಾರೆ. ನಮ್ಮ ಹಳೆಯ ಶಿಲ್ಪಗಳಲ್ಲಿ ಬಹುಪಾಲು ಯಾರು ಮಾಡಿದ್ದು ಅಂತ ಗೊತ್ತಿಲ್ಲದಿರುವಾಗ ಇದು ಎಷ್ಟು ಅಪರೂಪ ಅಂತ ಯೋಚಿಸಿ. ಎಂಟುನೂರು ವರ್ಷದ ನಂತರವೂ ‘ಇದು ಮಲ್ಲಿತಮ್ಮನ ಕೈ’ ಅಂತ ನಾವು ಹೇಳಬಹುದು.

ಆದರೆ ಅಲ್ಲಿಯೂ ಒಂದು ಗೆರೆ ಇದೆ. ಬಳಪದ ಕಲ್ಲನ್ನು ಗಣಿಯಿಂದ ಎತ್ತಿದವರು, ಗಾಡಿಗೆ ಏರಿಸಿದವರು, ಕಂಬ ನಿಲ್ಲಿಸಿದವರು, ಅವರ ಹೆಸರು ಪೀಠದ ಮೇಲೆ ಬಂದಿಲ್ಲ. ಕೆತ್ತುವವನ ಹೆಸರು ಬಂತು, ಹೊರುವವನದು ಬರಲಿಲ್ಲ.

ಚೀನಾದಲ್ಲಿ ಇದರ ಇನ್ನೊಂದು ಮುಖ ಇದೆ. 1965ರಲ್ಲಿ ಸಿಚುವಾನ್‌ನ ದಾಯಿ ಎಂಬಲ್ಲಿ ಜಮೀನ್ದಾರನೊಬ್ಬನ ಬಂಗಲೆಯಲ್ಲೇ ‘ಗೇಣಿ ವಸೂಲಿಯ ಅಂಗಳ’ ಅಂತ 114 ಮಣ್ಣಿನ ಪ್ರತಿಮೆ ಮಾಡಿದರು. ಧಾನ್ಯದ ಮೂಟೆ ಹೊತ್ತು ಬರುವ ಗೇಣಿದಾರರು, ತೂಕ ಮಾಡಿಸುವವರು, ಲೆಕ್ಕದವರು. ಸರ್ಕಾರದ ಪ್ರಚಾರಕ್ಕೆ ಮಾಡಿದ್ದು, ಗುಂಪಾಗಿ ಮಾಡಿದ್ದು. 1999ರಲ್ಲಿ ತ್ಸಾಯ್ ಗುವೋ ಚಿಯಾಂಗ್ ಅನ್ನುವ ಚೀನೀ ಕಲಾವಿದ ಅದನ್ನೇ ವೆನಿಸ್‌ನ ಕಲಾ ಪ್ರದರ್ಶನದಲ್ಲಿ ಹಸಿಮಣ್ಣಿನಲ್ಲಿ ಮತ್ತೆ ಕಟ್ಟಿಸಿ ದೊಡ್ಡ ಪ್ರಶಸ್ತಿ ಪಡೆದ. ಮೂಲ ಕೃತಿ ನಮ್ಮದು ಅಂತ ಮಾಡಿದ ಸಂಸ್ಥೆಯವರು ತಕರಾರು ಎತ್ತಿದರು. ದುಡಿದವನ ಪಾಲು ಯಾರಿಗೆ ಹೋಯಿತು ಅಂತ ಕೇಳುವ ಕೃತಿಯ ಸುತ್ತಲೇ ಆ ಜಗಳ ನಡೆಯಿತು.

ಮಣ್ಣಿನಬೊಂಬೆ

ನಾನು ತೋಳು, ಸುಸ್ತು ಅಂತ ಮುಖದಲ್ಲಿ ಹುಡುಕುತ್ತಿದ್ದೆ. ನೀವೆಲ್ಲ ಸೇರಿ ಪೀಠದ ಕಡೆಗೆ, ಧೂಳಿನ ಕಡೆಗೆ ಕರೆದುಕೊಂಡು ಹೋದಿರಿ. ಚಾಣಸುತ್ತಿಗೆ ಅವರೇ, ಈಗ ಕೈಯಲ್ಲಿ ಯಾವ ಕೆಲಸ ಇದೆ?

ಚಾಣಸುತ್ತಿಗೆ

ತಲೆ ಮೇಲೆ ಬಾಂಡ್ಲಿ ಹೊತ್ತ ಹೆಂಗಸು. ಕಟ್ಟಡ ಕೆಲಸದವಳು. ಮೊನ್ನೆಯವರೆಗೆ ಅವಳನ್ನು ನೇರವಾಗಿ ನಿಲ್ಲಿಸಿದ್ದೆ. ನಿನ್ನೆ ಇದನ್ನೆಲ್ಲ ಓದಿ ಕತ್ತಿನ ಗೆರೆ ಬದಲಾಯಿಸಿದೆ. ಭಾರ ಹೊತ್ತವರು ಕತ್ತನ್ನು ಒಂದು ಚೂರು ಒಳಕ್ಕೆ ಎಳೆದುಕೊಳ್ಳುತ್ತಾರೆ, ಕಣ್ಣು ಮಾತ್ರ ಮುಂದಿನ ಹೆಜ್ಜೆಯ ಮೇಲೆ ಇರುತ್ತದೆ.

ಈ ಸಲ ಹೆಸರಿನ ಮಾತನ್ನು ಮೊದಲೇ ಆಡಿದ್ದೇನೆ, ಕರಾರಿನಲ್ಲಿ ಬರೆಸಿದ್ದೇನೆ. ಪೀಠದ ಎಡಬದಿ ನಮ್ಮದು.

ಶಾಸನದಸಾಲು

ಹೊತ್ತವರದೂ ಇರಲಿ ಅಣ್ಣ.

ಚಾಣಸುತ್ತಿಗೆ

ಲೆಕ್ಕ ಹಾಕಿದೆ. ಕೆತ್ತುವವರು ನಾಲ್ವರು, ಪಾಲಿಶ್ ಮಾಡುವ ಇಬ್ಬರು ಹೆಂಗಸರು, ಕ್ವಾರಿಯಲ್ಲಿ ಕಲ್ಲು ಬಿಡಿಸಿದವರು ಮೂವರು, ಲಾರಿಯವರು, ಕ್ರೇನ್‌ನವರು. ಹನ್ನೊಂದು. ಒಂದು ಅಂಗುಲದ ಅಕ್ಷರ ಮಾಡಿದರೆ ಎಡಬದಿಯಲ್ಲೇ ಹಿಡಿಯುತ್ತದೆ. ಕ್ವಾರಿಯವರಲ್ಲಿ ಒಬ್ಬರ ಪೂರ್ತಿ ಹೆಸರು ಗೊತ್ತಿಲ್ಲ, ನಾಳೆ ಹೋಗಿ ಕೇಳಿಕೊಂಡು ಬರುತ್ತೇನೆ.